ಮೋಂ ಸ್ಯಾಂ ಮಿಶೆಲ್ ಮಠ ನೋಡುವುದು ಹೇಗೆ: ಎಲ್ಲೆಲ್ಲಿ ಬಿತ್ತು ಅಂತ ಹುಡುಕುತ್ತಾ ಹೋಗಿ

ಫ್ರಾನ್ಸಿಗೆ ಹೋದ ನಮ್ಮವರು ಪ್ಯಾರಿಸ್ ಸುತ್ತಿ ಮುಗಿಸಿ ಒಂದೆರಡು ದಿನ ಉಳಿದರೆ ನಾರ್ಮಂಡಿಯ ಮೋಂ ಸ್ಯಾಂ ಮಿಶೆಲ್ ಕಡೆ ಹೊರಡುತ್ತಾರೆ. ಮರಳಿನ ಕೊಲ್ಲಿಯ ನಡುವೆ ಒಂದು ಬಂಡೆ, ಬಂಡೆಯ ಸುತ್ತ ಚಿಕ್ಕ ಊರು, ಊರಿನ ನೆತ್ತಿಯ ಮೇಲೆ ಕ್ರೈಸ್ತ ಸನ್ಯಾಸಿಗಳ ಮಠ. ದೂರದಿಂದ ಫೋಟೊ ಸೊಗಸಾಗಿ ಬರುತ್ತದೆ. ಒಳಗೆ ಹೋದ ಮೇಲೆ ಮಾತ್ರ ತಲೆಬುಡ ಗೊತ್ತಾಗುವುದಿಲ್ಲ. ನಾನು ಮೊದಲ ಸಲ ಹೋದಾಗ ಎರಡು ಗಂಟೆ ಸುತ್ತಿದೆ. ಒಂದು ಕತ್ತಲೆ ಕೋಣೆ, ಮೆಟ್ಟಿಲು, ಇನ್ನೊಂದು ಕತ್ತಲೆ ಕೋಣೆ, ಮತ್ತೆ ಮೆಟ್ಟಿಲು, ನಡುವೆ ಎಲ್ಲೋ ಒಂದು ದೊಡ್ಡ ಮರದ ಚಕ್ರ. ಹೊರಗೆ ಬಂದಾಗ ನೆನಪಿದ್ದದ್ದು ಮಂಡಿನೋವು ಮಾತ್ರ.

ತಪ್ಪು ನನ್ನದೊಬ್ಬನದೇ ಅಲ್ಲ. ಅಲ್ಲಿ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ದಾರಿ ಕಾಲದ ಕ್ರಮದಲ್ಲಿ ಇಲ್ಲ. ಮೊದಲು ತುದಿಗೆ ಹತ್ತಿಸುತ್ತಾರೆ, ಆಮೇಲೆ ಒಂದೊಂದೇ ಮಹಡಿ ಇಳಿಸುತ್ತಾರೆ. 11ನೇ ಶತಮಾನದಿಂದ 15ಕ್ಕೆ, ಅಲ್ಲಿಂದ 13ಕ್ಕೆ, ಅಲ್ಲಿಂದ ಸೀದಾ 19ಕ್ಕೆ ಜಿಗಿಯುತ್ತೀರಿ. ಎರಡನೇ ಸಲ ಹೋಗುವಾಗ ನಾನು ಬೇರೆ ಲೆಕ್ಕ ಹಾಕಿಕೊಂಡೆ. ಪ್ರತಿ ಜಾಗದಲ್ಲೂ ಎರಡೇ ಪ್ರಶ್ನೆ: ಇದು ಯಾವುದರ ಮೇಲೆ ನಿಂತಿದೆ? ಇಲ್ಲಿ ಮೊದಲು ಇದ್ದದ್ದು ಯಾವಾಗ ಬಿತ್ತು? ಈ ಮಠದ ಚರಿತ್ರೆ ಅಂದರೆ ಕಟ್ಟಿದ್ದಕ್ಕಿಂತ ಜಾಸ್ತಿ ಬಿದ್ದದ್ದರ ಚರಿತ್ರೆ.

ಹೊರಡುವ ಮೊದಲು

ಕಾರ್ ಪಾರ್ಕಿಂಗ್ ಇರುವುದು ದಡದಲ್ಲಿ, ಸುಮಾರು ಎರಡೂವರೆ ಕಿಲೋಮೀಟರ್ ದೂರ. ಅಲ್ಲಿಂದ ಶಟಲ್ ಬಸ್ ಇದೆ. ಆದರೆ ನಡೆಯಿರಿ. ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ, ಮತ್ತು ಕಟ್ಟಡ ಕಣ್ಣೆದುರು ನಿಧಾನವಾಗಿ ದೊಡ್ಡದಾಗುವುದನ್ನು ನೋಡುವುದೇ ಮೊದಲ ಪಾಠ. ನೀವು ನಡೆಯುವ ಸೇತುವೆ 2014ರದು. ಅದಕ್ಕೂ ಮೊದಲು 1879ರಲ್ಲಿ ಕಟ್ಟಿದ ಒಂದು ಏರಿ ರಸ್ತೆ ಇತ್ತು. ಅದು ನೀರಿಗೆ ಅಡ್ಡವಾಗಿ, ಮರಳು ಮಣ್ಣು ತುಂಬಿಕೊಂಡು, ದ್ವೀಪ ದಡಕ್ಕೆ ಅಂಟಿಕೊಳ್ಳುವ ಹಾಗಾಗಿತ್ತು. ಏರಿ ಕಿತ್ತುಹಾಕಿ, ಕೂಎನೊ ನದಿಗೆ ಹೊಸ ಅಣೆಕಟ್ಟು ಕಟ್ಟಿ, ಹೂಳನ್ನು ನದಿಯ ನೀರಿನಿಂದಲೇ ಸಮುದ್ರಕ್ಕೆ ತಳ್ಳುವ ವ್ಯವಸ್ಥೆ ಮಾಡಿದರು. ಹುಣ್ಣಿಮೆ ಅಮಾವಾಸ್ಯೆ ಕಳೆದ ಮೇಲಿನ ದೊಡ್ಡ ಉಬ್ಬರದ ದಿನ ಹೋದರೆ ಸುತ್ತ ನೀರು ಕಾಣುತ್ತದೆ. ಉಳಿದ ದಿನ ಬರೀ ಬೂದು ಮರಳು. ಉಬ್ಬರದ ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ.

ಮಠದ ಟಿಕೆಟ್ ಬೇರೆ, ಊರಿಗೆ ಟಿಕೆಟ್ ಇಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಕೆಳಗಿನ ಬೀದಿಯಲ್ಲಿ ಅಂಗಡಿ, ಆಮ್ಲೆಟ್, ಐಸ್ ಕ್ರೀಮ್ ಅಂತ ನಿಂತರೆ ಮಧ್ಯಾಹ್ನ ಆಗಿಬಿಡುತ್ತದೆ, ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಮೆಟ್ಟಿಲು ಸುಮಾರು 350. ಮಗುವಿನ ತಳ್ಳುಗಾಡಿ ತರಬೇಡಿ, ಹೊತ್ತುಕೊಂಡೇ ಹತ್ತಬೇಕಾಗುತ್ತದೆ.

ಸೇತುವೆಯ ಮೇಲೆ ನಿಂತು ಒಮ್ಮೆ ನೋಡಿ

ಎಲ್ಲರ ಕಣ್ಣು ಮೊದಲು ಹೋಗುವುದು ತುತ್ತತುದಿಯ ಚೂಪು ಶಿಖರಕ್ಕೆ, ಅದರ ಮೇಲಿನ ಬಂಗಾರದ ಬಣ್ಣದ ಮೂರ್ತಿಗೆ. ಮಧ್ಯಯುಗದ್ದು ಅಂದುಕೊಳ್ಳುತ್ತೇವೆ, ಅಲ್ವಾ? ಶಿಖರ ಮುಗಿದದ್ದು 1897ರಲ್ಲಿ. ವಾಸ್ತುಶಿಲ್ಪಿ ವಿಕ್ತೋರ್ ಪೆತಿಗ್ರಾಂ. ದೇವದೂತ ಮಿಶೆಲ್‌ನ ತಾಮ್ರದ ಮೂರ್ತಿ ಎಮಾನ್ಯುಎಲ್ ಫ್ರೆಮಿಯೆ ಎಂಬ ಶಿಲ್ಪಿಯದು. 2016ರಲ್ಲಿ ಅದನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಿ, ಹೊಸದಾಗಿ ಚಿನ್ನದ ಲೇಪ ಕೊಟ್ಟು, ಮತ್ತೆ ಹೆಲಿಕಾಪ್ಟರ್‌ನಲ್ಲೇ ಏರಿಸಿದರು. ಅಂದರೆ ಪೋಸ್ಟ್‌ಕಾರ್ಡಿನ ಆ ಚಿತ್ರ ನೂರಿಪ್ಪತ್ತು ಚಿಲ್ಲರೆ ವರ್ಷದ್ದು. ಅದಕ್ಕೂ ಮೊದಲು ಅಲ್ಲಿದ್ದ ಗೋಪುರಗಳಿಗೆ ಸಿಡಿಲು ಹೊಡೆದು, ಬೆಂಕಿ ಬಿದ್ದು, ಹೋಗಿ ಬಂದು ಮಾಡುತ್ತಿದ್ದವು. ಸುತ್ತ ಮೈಲುಗಟ್ಟಲೆ ಸಮತಟ್ಟು ಇರುವಾಗ ಇಷ್ಟು ಎತ್ತರಕ್ಕೆ ತಲೆ ಎತ್ತಿದರೆ ಸಿಡಿಲು ಇನ್ನೆಲ್ಲಿಗೆ ಹೋದೀತು.

ಈಗ ಶಿಖರವನ್ನು ಬೆರಳಿನಿಂದ ಮುಚ್ಚಿ ಕೆಳಗೆ ನೋಡಿ. ಬಂಡೆಯ ತುದಿ ಸಮುದ್ರಮಟ್ಟದಿಂದ ಸುಮಾರು 80 ಮೀಟರ್ ಎತ್ತರ. ಚರ್ಚಿನ ನೆಲವೂ ಸರಿಯಾಗಿ ಅದೇ ಎತ್ತರದಲ್ಲಿದೆ. ಬೇರೆಯವರಾಗಿದ್ದರೆ ಬಂಡೆಯ ತಲೆ ಕಡಿದು ಮಟ್ಟ ಮಾಡುತ್ತಿದ್ದರು. ಇವರು ಕಡಿಯಲಿಲ್ಲ. ಚರ್ಚಿನ ನಡುಭಾಗವನ್ನು ಮಾತ್ರ ಬಂಡೆಯ ನೆತ್ತಿಯ ಮೇಲೆ ಕೂರಿಸಿ, ಶಿಲುಬೆಯ ಆಕಾರದ ನಾಲ್ಕೂ ತೋಳುಗಳನ್ನು ಗಾಳಿಗೆ ಚಾಚಿದರು. ಆ ತೋಳುಗಳ ಕೆಳಗೆ ಆಸರೆಗೆ ಒಂದೊಂದು ಕಲ್ಲಿನ ಕೋಣೆ ಕಟ್ಟಿದರು. ಹಾಗಾಗಿ ಒಳಗೆ ನೀವು ನೋಡುವ ಕತ್ತಲೆ ಕೋಣೆಗಳೆಲ್ಲ ಸುಮ್ನೆ ನೆಲಮಾಳಿಗೆಗಳಲ್ಲ, ಮೇಲಿನ ಚರ್ಚನ್ನು ಹೊತ್ತ ಹೆಗಲುಗಳು. ಇದೊಂದು ಮಾತು ತಲೆಯಲ್ಲಿದ್ದರೆ ಒಳಗಿನ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಹತ್ತುತ್ತಾ ನೆನಪಿಡಬೇಕಾದ ಕಥೆ

ಊರಿನ ಹೆಬ್ಬಾಗಿಲ ಹತ್ತಿರ ಎರಡು ಹಳೆಯ ಫಿರಂಗಿಗಳಿವೆ. ಇಂಗ್ಲೆಂಡ್ ಫ್ರಾನ್ಸ್ ನಡುವಿನ ನೂರು ವರ್ಷದ ಯುದ್ಧದಲ್ಲಿ ಇಂಗ್ಲಿಷರು 1434ರಲ್ಲಿ ಬಿಟ್ಟು ಓಡಿದವು ಅವು. ಸುತ್ತಲಿನ ನಾರ್ಮಂಡಿ ಪೂರ್ತಿ ಇಂಗ್ಲಿಷರ ಕೈಗೆ ಹೋದರೂ ಈ ಬಂಡೆ ಸಿಗಲಿಲ್ಲ. ಮಠದ ಬಾಗಿಲಲ್ಲಿ ಜೋಡಿ ದುಂಡು ಬುರುಜು ಕಾಣುತ್ತದೆ, ನಿಲ್ಲಿಸಿಟ್ಟ ಫಿರಂಗಿ ಕೊಳವೆಗಳ ಹಾಗೆ. ಅದು 14ನೇ ಶತಮಾನದ ಕೊನೆಯದು. ದೇವರ ಮನೆಗೆ ಕೋಟೆಯ ಬಾಗಿಲು ಯಾಕೆ ಅನ್ನುವ ಪ್ರಶ್ನೆಗೆ ಆ ಫಿರಂಗಿಗಳೇ ಉತ್ತರ.

ಮೂಲ ಕಥೆ ಚಿಕ್ಕದು. 708ರಲ್ಲಿ ಅವ್ರಾಂಶ್ ಊರಿನ ಬಿಷಪ್ ಓಬೇರ್ ಕನಸಿನಲ್ಲಿ ದೇವದೂತ ಮಿಶೆಲ್ ಬಂದು ಇಲ್ಲೊಂದು ಗುಡಿ ಕಟ್ಟು ಅಂದನಂತೆ. ಬಿಷಪ್ ಎರಡು ಸಲ ಅಲಕ್ಷ್ಯ ಮಾಡಿದ. ಮೂರನೇ ಸಲ ದೇವದೂತ ತಲೆಗೆ ಬೆರಳಿನಿಂದ ತಿವಿದನಂತೆ. ತೂತಿರುವ ಆ ತಲೆಬುರುಡೆ ಅಂತ ಒಂದನ್ನು ಅವ್ರಾಂಶ್‌ನ ಚರ್ಚಿನಲ್ಲಿ ಈಗಲೂ ತೋರಿಸುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಗಟ್ಟಿ ಚರಿತ್ರೆ ಶುರುವಾಗುವುದು 966ರಲ್ಲಿ, ನಾರ್ಮಂಡಿಯ ಡ್ಯೂಕ್ ಒಂದನೇ ರಿಚರ್ಡ್ ಇಲ್ಲಿ ಬೆನೆಡಿಕ್ಟ್ ಪಂಥದ ಸನ್ಯಾಸಿಗಳನ್ನು ನೆಲೆಗೊಳಿಸಿದಾಗ. ಈಗಿನ ದೊಡ್ಡ ಚರ್ಚಿನ ಕೆಲಸ ಶುರುವಾದದ್ದು 1023ರಲ್ಲಿ. ಕಲ್ಲು ಶೋಸೆ ದ್ವೀಪಗಳ ಗ್ರಾನೈಟ್. ಉಬ್ಬರದ ನೀರಿನಲ್ಲಿ ದೋಣಿಗಳಲ್ಲಿ ತಂದು, ಬಂಡೆಯ ಮೇಲಕ್ಕೆ ಎಳೆದದ್ದು. ಹೀಗೆ ನೋಡಿದರೆ ನಮ್ಮ 350 ಮೆಟ್ಟಿಲು ಏನೂ ಅಲ್ಲ, ಬರಿಗೈಯಲ್ಲಿ ಹತ್ತುತ್ತಿದ್ದೇವೆ.

ಪಶ್ಚಿಮದ ಜಗಲಿ: ಇಲ್ಲಿ ನೆಲ ನೋಡಿ, ಸಮುದ್ರ ಆಮೇಲೆ

ಮೇಲೆ ಬಂದ ತಕ್ಷಣ ಅಗಲವಾದ ಬಯಲು ಜಗಲಿ ಸಿಗುತ್ತದೆ. ಎಲ್ಲರೂ ಕಟ್ಟೆಗೆ ಒರಗಿ ಸಮುದ್ರದ ಫೋಟೊ ತೆಗೆಯುತ್ತಾರೆ. ನೀವು ಬೆನ್ನು ತಿರುಗಿಸಿ ಚರ್ಚಿನ ಮುಖ ನೋಡಿ. ತ್ರಿಕೋನದ ತಲೆ, ಗೋಡೆಗೆ ಅಂಟಿದ ಕಂಬಗಳು. ಹಳೆಯ ಚರ್ಚಿಗೆ ಹೊಸ ಬ್ಯಾಂಕಿನ ಬಾಗಿಲು ಇಟ್ಟ ಹಾಗಿದೆ. ನನಗಂತೂ ಅದು ಇವತ್ತಿಗೂ ಒಗ್ಗಿಲ್ಲ. ಅದು 1780ರ ಕೆಲಸ. 1776ರಲ್ಲಿ ಬೆಂಕಿ ಬಿದ್ದು ಮುಂಭಾಗ ಹಾಳಾಯಿತು, ಆಮೇಲೆ ಚರ್ಚಿನ ಹಜಾರದಲ್ಲಿ ಏಳು ಅಂಕಣ ಇದ್ದದ್ದರಲ್ಲಿ ಮೂರನ್ನು ಕೆಡವಿ, ಉಳಿದ ನಾಲ್ಕಕ್ಕೆ ಹೊಸ ಮುಖ ಹಚ್ಚಿದರು.

ಹಾಗಾದರೆ ನೀವು ನಿಂತಿರುವುದು ಎಲ್ಲಿ? ಚರ್ಚಿನ ಒಳಗೇ. ಕಾಲ ಕೆಳಗೆ ನೋಡುತ್ತಾ ನಡೆಯಿರಿ, ಹಾಸುಗಲ್ಲಿನಲ್ಲಿ ಹಳೆಯ ಅಂಕಣಗಳ ಗುರುತು ಸಿಗುತ್ತದೆ. ಕೆಲವು ಕಲ್ಲುಗಳ ಮೇಲೆ ಕಲ್ಲುಕುಟಿಗರು ಕೆತ್ತಿದ ಅಂಕಿ, ಗುರುತುಗಳೂ ಇವೆ. 12ನೇ ಶತಮಾನದಲ್ಲಿ ಮಠದ ಮುಖ್ಯಸ್ಥನಾಗಿದ್ದ ರೋಬೇರ್ ದ ತೊರಿಞಿ ಎಂಬಾತ ಇಲ್ಲೇ ಮುಂಭಾಗಕ್ಕೆ ಎರಡು ಗೋಪುರ ಕಟ್ಟಿಸಿದ್ದ. ಒಂದು 1300ರಲ್ಲಿ ಬಿತ್ತು. ಇನ್ನೊಂದೂ ಉಳಿಯಲಿಲ್ಲ. ಮಠದ ಅತಿ ದೊಡ್ಡ ಗಾಯ ಇದು, ಆದರೆ ಜನ ಅದರ ಮೇಲೆ ನಿಂತು ಸೆಲ್ಫಿ ತೆಗೆದು ಹೋಗುತ್ತಾರೆ.

ಚರ್ಚಿನ ಒಳಗೆ ಮೂರು ಕಡೆ ನಿಲ್ಲಿ

ಹಜಾರದ ಮಧ್ಯೆ ನಿಂತು ಮೊದಲು ಬಲಗಡೆ, ಆಮೇಲೆ ಎಡಗಡೆ ಗೋಡೆ ನೋಡಿ. ಬಲಕ್ಕೆ ದಕ್ಷಿಣ, ಅದು 11ನೇ ಶತಮಾನದ ಮೂಲ ಗೋಡೆ. ಎಡಕ್ಕೆ ಉತ್ತರ, ಅದು ಎರಡನೇ ಸಲ ಕಟ್ಟಿದ್ದು. 1103ರಲ್ಲಿ ಉತ್ತರದ ಗೋಡೆ ಕುಸಿದು, ಕೆಳಗಿದ್ದ ಸನ್ಯಾಸಿಗಳ ಕಟ್ಟಡದ ಮೇಲೆ ಬಿತ್ತು. ಮೇಲ್ನೋಟಕ್ಕೆ ಎರಡೂ ಒಂದೇ ಥರ, ದುಂಡು ಕಮಾನುಗಳು, ಮೂರು ಹಂತ. ಆದರೆ ಕಮಾನಿನ ಮೇಲಿನ ಗೋಡೆಯ ಕೆಲಸವನ್ನು ಹೋಲಿಸಿ ನೋಡುತ್ತಾ ಹೋದರೆ ವ್ಯತ್ಯಾಸ ಕಾಣತೊಡಗುತ್ತದೆ. ಮಕ್ಕಳಿಗೆ ಕೊಡಿ ಈ ಆಟ, ದೊಡ್ಡವರಿಗಿಂತ ಬೇಗ ಹುಡುಕುತ್ತಾರೆ.

ತಲೆ ಎತ್ತಿ. ಚಾವಣಿ ಮರದ್ದು. ಈ ಗೋಡೆಗಳ ಮೇಲೆ ಕಲ್ಲಿನ ಚಾವಣಿ ಹೇರುವ ಧೈರ್ಯ ಅವರು ಮಾಡಲಿಲ್ಲ, ಮಾಡದೇ ಇದ್ದದ್ದು ಒಳ್ಳೆಯದೇ ಆಯಿತು. ಅರ್ಧ ಹಜಾರ ಗಾಳಿಯಲ್ಲಿ ಇದೆ ಅನ್ನುವುದು ನೆನಪಿರಲಿ.

ಮೂರನೆಯದು ಪೂರ್ವದ ತುದಿ, ಬಲಿಪೀಠ ಇರುವ ಭಾಗ. ಹಜಾರದ ಮಬ್ಬಿನಿಂದ ಅಲ್ಲಿಗೆ ಕಾಲಿಟ್ಟರೆ ಒಮ್ಮೆಲೇ ಬೆಳಕು ಬೀಳುತ್ತದೆ. ಗೋಡೆಯೇ ಇಲ್ಲವೇನೋ ಅನ್ನುವಷ್ಟು ಕಿಟಕಿ, ಚೂಪು ಕಮಾನು, ಮೇಲಕ್ಕೆ ಎಳೆದ ಗೆರೆಗಳ ಹಾಗೆ ಕಂಬ. ಅಲ್ಲಿದ್ದ ಹಳೆಯ ಭಾಗ 1421ರಲ್ಲಿ ಕುಸಿಯಿತು. ಅದೂ ಯುದ್ಧದ ಕಾಲದಲ್ಲಿ, ಕೈಯಲ್ಲಿ ಕಾಸಿಲ್ಲದಾಗ. ಯುದ್ಧದ ಬಿಸಿ ಕಡಿಮೆಯಾದ ಮೇಲೆ 15ನೇ ಶತಮಾನದ ಮಧ್ಯದಲ್ಲಿ ಕೆಲಸ ಶುರುಮಾಡಿ, ನಡುವೆ ನಿಲ್ಲಿಸಿ, ಮುಗಿಸುವ ಹೊತ್ತಿಗೆ 1521 ಆಗಿತ್ತು. ಅಷ್ಟರಲ್ಲಿ ಗಾಥಿಕ್ ಶೈಲಿ ತನ್ನ ಕೊನೆಯ, ಜ್ವಾಲೆಯಂತೆ ಬಳುಕುವ ರೂಪಕ್ಕೆ ಬಂದಿತ್ತು. ಹೀಗಾಗಿ ಒಂದೇ ಸೂರಿನಡಿ ನಾನೂರಕ್ಕೂ ಹೆಚ್ಚು ವರ್ಷದ ಅಂತರದ ಎರಡು ಕಟ್ಟಡಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಯಾರೂ ಹೀಗೆ ಯೋಜನೆ ಹಾಕಿದ್ದಲ್ಲ. ಬಿದ್ದದ್ದರಿಂದ ಆದದ್ದು.

ಲಾ ಮೆರ್ವೆಯ್: ಇಲ್ಲಿ ಸಮಯ ಕೊಡಿ

ಚರ್ಚಿನಿಂದ ಎಡಕ್ಕೆ ಹೊರಟರೆ ಸಿಗುವುದು ಉತ್ತರದ ಕಟ್ಟಡಗಳ ಗುಂಪು. ಹೆಸರೇ ಮೆರ್ವೆಯ್, ಅಂದರೆ ಅಚ್ಚರಿ. ಇದೂ ಒಂದು ನಾಶದಿಂದಲೇ ಹುಟ್ಟಿದ್ದು. 1204ರಲ್ಲಿ ಫ್ರಾನ್ಸಿನ ರಾಜ ಫಿಲಿಪ್ ಓಗ್ಯುಸ್ತ್ ನಾರ್ಮಂಡಿಯನ್ನು ಗೆಲ್ಲುವಾಗ, ಅವನ ಕಡೆಯ ಬ್ರಿಟನಿಯ ದಂಡು ಈ ಊರಿಗೆ ಬೆಂಕಿ ಇಟ್ಟಿತು, ಮಠದವರೆಗೂ ಬೆಂಕಿ ಹಬ್ಬಿತು. ಆಮೇಲೆ ರಾಜನೇ ಹಣ ಕೊಟ್ಟ. ಪಶ್ಚಾತ್ತಾಪವೋ, ಗೆದ್ದ ನಾಡಿನ ಜನರನ್ನು ಒಲಿಸಿಕೊಳ್ಳುವ ಜಾಣತನವೋ, ಎರಡೂ ಇರಬಹುದು. 1211ರ ಹೊತ್ತಿಗೆ ಶುರುವಾಗಿ 1228ಕ್ಕೆ ಮುಗಿಯಿತು. ಹದಿನೇಳು ವರ್ಷ! ಕಡಿದಾದ ಬಂಡೆಯ ಇಳಿಜಾರಿನಲ್ಲಿ, ಮೂರು ಮಹಡಿ, ಎರಡು ಸಾಲು.

ಇದನ್ನು ಓದುವ ಉಪಾಯ ಹೇಳುತ್ತೇನೆ. ಎರಡು ಕಟ್ಟಡ ಪಕ್ಕಪಕ್ಕ ಅಂದುಕೊಳ್ಳಿ. ಪೂರ್ವದ್ದರಲ್ಲಿ ಕೆಳಗೆ ಬಡವರಿಗೆ ಅನ್ನ ಹಾಕುವ ಛತ್ರ, ನಡುವೆ ರಾಜರು ಶ್ರೀಮಂತರು ಬಂದರೆ ಉಪಚಾರ ಮಾಡುವ ಅತಿಥಿ ಹಾಲ್, ಮೇಲೆ ಸನ್ಯಾಸಿಗಳ ಊಟದ ಮನೆ. ಪಶ್ಚಿಮದ್ದರಲ್ಲಿ ಕೆಳಗೆ ಉಗ್ರಾಣ, ನಡುವೆ ಸನ್ಯಾಸಿಗಳು ಕೂತು ಓದಿ ಬರೆಯುತ್ತಿದ್ದ ಹಾಲ್, ಮೇಲೆ ಕ್ಲಾಯ್ಸ್ಟರ್. ಬಡವ ಕೆಳಗೆ, ದೊರೆ ನಡುವೆ, ಸನ್ಯಾಸಿ ಮೇಲೆ. ಆ ಕಾಲದ ಸಮಾಜವನ್ನು ಕಲ್ಲಿನಲ್ಲಿ ಜೋಡಿಸಿದ ಹಾಗಿದೆ. ಕಟ್ಟುವವರ ಲೆಕ್ಕ ಮಾತ್ರ ಬೇರೆ, ಭಾರದ ಲೆಕ್ಕ. ಕೆಳಗೆ ದಪ್ಪ ಕಂಬ, ನಡುವೆ ಸ್ವಲ್ಪ ಸಪೂರ, ತುದಿಯಲ್ಲಿ ಕಡ್ಡಿಯಷ್ಟು ತೆಳು. ಇಳಿಯುತ್ತಾ ಹೋದ ಹಾಗೆ ಕಂಬಗಳ ಸೊಂಟ ನೋಡುತ್ತಾ ಬನ್ನಿ.

ಕ್ಲಾಯ್ಸ್ಟರ್ ಅಂದರೆ ನಮ್ಮ ತೊಟ್ಟಿಮನೆಯ ಹಾಗೆ ನಡುವೆ ತೆರೆದ ಅಂಗಳ, ಸುತ್ತ ಪಡಸಾಲೆ. ವಿಶೇಷ ಏನೆಂದರೆ ಈ ಅಂಗಳ ನೆಲದ ಮೇಲಿಲ್ಲ, ಎರಡು ಮಹಡಿಗಳ ತಲೆಯ ಮೇಲಿದೆ. ಅದಕ್ಕೇ ಪಡಸಾಲೆಗೆ ಕಲ್ಲಿನ ಚಾವಣಿ ಇಲ್ಲ, ಮರದ್ದು. ಕಂಬಗಳು ಎರಡು ಸಾಲು, ಆದರೆ ಒಂದರ ಎದುರು ಒಂದಿಲ್ಲ. ಒಂದು ಸಾಲನ್ನು ಅರ್ಧ ಹೆಜ್ಜೆ ಸರಿಸಿದ್ದಾರೆ, ಮೇಲಿಂದ ನೋಡಿದರೆ ಅಂಕುಡೊಂಕು ಗೆರೆಯ ಹಾಗೆ. ಪಡಸಾಲೆಯಲ್ಲಿ ನಡೆಯುತ್ತಾ ಓರೆಗಣ್ಣಿನಲ್ಲಿ ನೋಡಿ, ಕಂಬಗಳೇ ನಡೆದಾಡಿದ ಹಾಗೆ ಕಾಣುತ್ತದೆ. ಸುಮ್ನೆ ಅಂದಕ್ಕೆ ಮಾಡಿದ್ದಲ್ಲ, ತೆಳು ಕಂಬಗಳು ಮೂರು ಮೂರಾಗಿ ಒಂದಕ್ಕೊಂದು ಆತುಕೊಂಡು ಗಟ್ಟಿ ನಿಲ್ಲುತ್ತವೆ. ಮೊದಲು ಈ ಕಂಬಗಳಿಗೆ ಇಂಗ್ಲೆಂಡಿನ ಪರ್ಬೆಕ್‌ನ ಸುಣ್ಣಕಲ್ಲು ಬಳಸಿದ್ದರು. ಅದು ಉಪ್ಪುಗಾಳಿಗೆ ತಡೆಯದೆ ಸವೆದು, 19ನೇ ಶತಮಾನದ ದುರಸ್ತಿಯಲ್ಲಿ ಬಹುಪಾಲು ಬದಲಾಯಿತು. ಕಮಾನುಗಳ ನಡುವಿನ ಎಲೆ ಹೂ ಬಳ್ಳಿಯ ಕೆತ್ತನೆ ಕಾಂ ಪಟ್ಟಣದ ಬಿಳಿ ಮೆದು ಕಲ್ಲಿನದು. ಗ್ರಾನೈಟ್‌ನಲ್ಲಿ ಅಷ್ಟು ನಯವಾಗಿ ಕೆತ್ತಲು ಆಗುವುದಿಲ್ಲ.

ಪಶ್ಚಿಮದ ಬದಿಯಲ್ಲಿ ಮೂರು ದೊಡ್ಡ ತೆರಪು ಇವೆ, ಈಗ ಗಾಜು ಹಾಕಿದ್ದಾರೆ, ಆಚೆ ಬರೀ ಆಕಾಶ ಮತ್ತು ಕೊಲ್ಲಿ. ನೋಟ ಸವಿಯಲು ಮಾಡಿದ ಕಿಟಕಿ ಅಂದುಕೊಂಡರೆ ತಪ್ಪು. ಅವು ಬಾಗಿಲುಗಳು! ಆಚೆಗೆ ಮೂರನೇ ಕಟ್ಟಡ ಬರಬೇಕಿತ್ತು, ಅದರಲ್ಲಿ ಸನ್ಯಾಸಿಗಳ ಸಭಾ ಕೋಣೆ ಇರಬೇಕಿತ್ತು. ಕಟ್ಟಲೇ ಇಲ್ಲ. ಇಡೀ ಮಠದಲ್ಲಿ ನನಗೆ ಇಷ್ಟವಾದ ಜಾಗ ಇದೇ.

ಪಕ್ಕದ ಊಟದ ಮನೆಗೆ ಹೋಗುವಾಗ ಬಾಗಿಲಲ್ಲೇ ನಿಲ್ಲಿ. ಕೋಣೆ ತುಂಬ ಮೆತ್ತನೆಯ ಬೆಳಕು, ಆದರೆ ಪಕ್ಕದ ಗೋಡೆಗಳಲ್ಲಿ ಒಂದು ಕಿಟಕಿಯೂ ಕಾಣುವುದಿಲ್ಲ. ಮುಂದೆ ಹೆಜ್ಜೆ ಇಟ್ಟ ಹಾಗೆ ಒಂದೊಂದೇ ತೆರೆದುಕೊಳ್ಳುತ್ತವೆ, ಒಟ್ಟು 59. ಮೇಲಿನ ಮಹಡಿಯ ಗೋಡೆಗೆ ದೊಡ್ಡ ಕಿಟಕಿ ಕೊರೆದರೆ ಬಲ ಹೋಗುತ್ತದೆ, ಕೊರೆಯದಿದ್ದರೆ ಕತ್ತಲೆ. ಅದಕ್ಕೆ ಕಿರಿದಾದ ಕಿಟಕಿಗಳನ್ನು ಗೋಡೆಯ ಆಳಕ್ಕೆ ತಳ್ಳಿ, ನಡುನಡುವೆ ಗೋಡೆಯನ್ನೇ ಕಂಬವಾಗಿ ಉಳಿಸಿಕೊಂಡರು. ಹಿಂದೆ ಬರುವವರು ತಳ್ಳಿದರೂ ಸರಿ, ಆ ಬಾಗಿಲಲ್ಲಿ ಅರ್ಧ ನಿಮಿಷ ನಿಲ್ಲಿ.

ಕೆಳಗಿಳಿದ ಮೇಲೆ

ಇಲ್ಲಿಂದ ಮುಂದೆ ಹೆಗಲುಗಳ ಲೋಕ. ಅತಿಥಿ ಹಾಲ್ ದಾಟಿದರೆ ದಪ್ಪ ಕಂಬಗಳ ಕೋಣೆ. ಹತ್ತು ಕಂಬ, ದಪ್ಪನೆಯವುಗಳ ಸುತ್ತಳತೆ ಸುಮಾರು 5 ಮೀಟರ್. ಒಬ್ಬರ ತೋಳಿಗೆ ಸಿಗುವುದಿಲ್ಲ. ಮೇಲೆ ನೋಡಿದ ಆ ಬೆಳಕಿನ ಭಾಗ ನೆನಪಿದೆಯಲ್ಲ, ಅದು ನಿಂತಿರುವುದು ಇದರ ಮೇಲೆ. 1421ರ ಪಾಠ ಕಲಿತವರು ಈ ಸಲ ಧಾರಾಳವಾಗಿ ಕಲ್ಲು ಹಾಕಿದರು. ಮುಂದಿನದು ಸ್ಯಾಂ ಮಾರ್ತ್ಯಾಂ ಕೋಣೆ, ದಕ್ಷಿಣದ ತೋಳಿನ ಕೆಳಗಿನದು. ಇಲ್ಲಿ ಅಲಂಕಾರ ಏನೂ ಇಲ್ಲ, ಒಂದೇ ಒಂದು ದುಂಡು ಕಮಾನಿನ ಚಾವಣಿ, ಸುಮಾರು 9 ಮೀಟರ್ ಅಗಲಕ್ಕೆ. 11ನೇ ಶತಮಾನದ ಈ ಕೋಣೆ ಕುಸಿಯದೆ ಉಳಿದಿದೆ. ಬಿದ್ದದ್ದನ್ನೇ ಹುಡುಕುತ್ತಾ ಬಂದವರಿಗೆ ಬೀಳದೇ ಇದ್ದದ್ದೂ ಒಂದು ಸುದ್ದಿ.

ಆಮೇಲೆ ಆ ಮರದ ಚಕ್ರ. ಮಠಕ್ಕೂ ಇದಕ್ಕೂ ಏನು ಸಂಬಂಧ ಅಂತ ನನಗೆ ಮೊದಲ ಸಲ ಹೊಳೆದೇ ಇರಲಿಲ್ಲ. ಫ್ರೆಂಚ್ ಕ್ರಾಂತಿಯ ಮೇಲೆ ಸನ್ಯಾಸಿಗಳನ್ನು ಹೊರಹಾಕಿ ಮಠವನ್ನು ಜೈಲು ಮಾಡಿದರು. ಕೈದಿಗಳು ಈ ಚಕ್ರದ ಒಳಗೆ ನಡೆದರೆ ಹಗ್ಗ ಸುತ್ತಿಕೊಂಡು ಕೆಳಗಿನಿಂದ ಸಾಮಾನಿನ ಬಂಡಿ ಮೇಲೆ ಬರುತ್ತಿತ್ತು. ಹೊರಗೆ ಇಣುಕಿದರೆ ಆ ಕಡಿದಾದ ಕಲ್ಲಿನ ಜಾರುದಾರಿ ಈಗಲೂ ಕಾಣುತ್ತದೆ. ಮಠ ಕಟ್ಟಿದವರೂ ಕಲ್ಲು ಎತ್ತಲು ಇಂಥದೇ ಚಕ್ರ ಬಳಸುತ್ತಿದ್ದರು. 1834ರಲ್ಲಿ ಚರ್ಚಿನ ಹಜಾರದಲ್ಲೇ ಬೆಂಕಿ ಬಿತ್ತು, ಆಗ ಅದು ಕೈದಿಗಳ ಕಾರ್ಖಾನೆ. 1863ರಲ್ಲಿ ಜೈಲು ಮುಚ್ಚಿತು, 1874ರಲ್ಲಿ ಸರ್ಕಾರ ಸಂರಕ್ಷಿತ ಸ್ಮಾರಕ ಮಾಡಿತು. ಜೈಲು ಕೆಟ್ಟದ್ದೇ, ಆದರೆ ಕ್ರಾಂತಿಯ ನಂತರ ಎಷ್ಟೋ ಮಠಗಳನ್ನು ಕಲ್ಲಿಗಾಗಿ ಕಿತ್ತು ಮಾರಿದ ಕಾಲದಲ್ಲಿ, ಗೋಡೆಗಳು ಉಳಿದದ್ದು ಜೈಲಿನ ದೆಸೆಯಿಂದ.

ಮುಂದೆ ಸಿಗುವ ದೊಡ್ಡ ಹಾಲಿಗೆ ವೀರರ ಹಾಲ್ ಅಂತ ಬೋರ್ಡ್ ಇರುತ್ತದೆ. ಹೆಸರು ನೋಡಿ ಕತ್ತಿ ಗುರಾಣಿ ಕಲ್ಪಿಸಿಕೊಳ್ಳಬೇಡಿ. ಹನ್ನೊಂದನೇ ಲೂಯಿ ರಾಜ 1469ರಲ್ಲಿ ಸ್ಥಾಪಿಸಿದ ಸಂತ ಮಿಶೆಲ್ ವೀರರ ಪಂಗಡದಿಂದ ಆ ಹೆಸರು ಅಂಟಿಕೊಂಡಿದೆ. ಇದು ಸನ್ಯಾಸಿಗಳು ಪುಸ್ತಕ ಬರೆಯುತ್ತಿದ್ದ ಜಾಗ. ಚಳಿಗೆ ಬೆರಳು ಮರಗಟ್ಟದಿರಲಿ ಅಂತ ದೊಡ್ಡ ಒಲೆಗಳಿವೆ. ತಲೆಯ ಮೇಲೆ ಇರುವುದು ಆ ಕ್ಲಾಯ್ಸ್ಟರ್ ಅಂಗಳ.

ಅತಿ ಹಳೆಯದನ್ನು ಕೊನೆಗೆ ಹೇಳುತ್ತಿದ್ದೇನೆ, ಯಾಕೆಂದರೆ ಅದು ಸುಲಭಕ್ಕೆ ಸಿಗುವುದಿಲ್ಲ. ನೋತ್ರ್ ದಾಮ್ ಸು ತೇರ್, ಅಂದರೆ ನೆಲದಡಿಯ ಮಾತೆ. 10ನೇ ಶತಮಾನದ ಪುಟ್ಟ ಚರ್ಚು, ನಡುವೆ ಗೋಡೆ ಇರುವ ಜೋಡಿ ಕೋಣೆ, ಕಮಾನುಗಳಲ್ಲಿ ಚಪ್ಪಟೆ ಇಟ್ಟಿಗೆ. ಮೊದಲು ಇದೇ ಮಠದ ಚರ್ಚು. ಮೇಲೆ ದೊಡ್ಡದು ಬಂದಾಗ ಇದು ಅದರ ಪಶ್ಚಿಮದ ಹೆಗಲಾಯಿತು. 18ನೇ ಶತಮಾನದಲ್ಲಿ ಆ ಬ್ಯಾಂಕಿನಂಥ ಮುಂಭಾಗ ಹೊರಲು ಇದರೊಳಗೇ ಆಸರೆ ಗೋಡೆ ಎಬ್ಬಿಸಿ ಮುಚ್ಚಿಬಿಟ್ಟರು. 1960ರ ದಶಕದಲ್ಲಿ ವಾಸ್ತುಶಿಲ್ಪಿ ಈವ್ ಮಾರಿ ಫ್ರುವದ್ವೋ ಕಾಣದ ಹಾಗೆ ಕಾಂಕ್ರೀಟ್ ತೊಲೆ ಕೂರಿಸಿ ಭಾರ ಅದರ ಮೇಲೆ ಹೊರಿಸಿ, ಆ ಗೋಡೆ ತೆಗೆದು, ಕೋಣೆಯನ್ನು ಬಿಡಿಸಿದರು. ಸಾಮಾನ್ಯವಾಗಿ ಗೈಡ್ ಜೊತೆ ಹೋದವರಿಗೇ ಬಾಗಿಲು ತೆರೆಯುವುದು, ಅದಕ್ಕೆ ಒಳಗೆ ಹೋಗುವಾಗಲೇ ಆ ದಿನ ಗೈಡ್ ಪ್ರವಾಸ ಇದೆಯಾ ಅಂತ ಕೇಳಿಕೊಳ್ಳಿ. ಇದೊಂದು ಕೋಣೆಗಾಗಿ ಮಧ್ಯಾಹ್ನದ ಊಟ ಬಿಟ್ಟರೂ ನಷ್ಟವಿಲ್ಲ.

ಹೊರಬಂದ ಮೇಲೆ ಉತ್ತರದ ತೋಟದ ಕಡೆಗೆ ಬಂದು ಮೆರ್ವೆಯ್ ಗೋಡೆಯನ್ನು ಬುಡದಿಂದ ನೋಡಿ. 35 ಮೀಟರ್ ಎತ್ತರ, ಒತ್ತಿ ಹಿಡಿದ ಆಸರೆಗಳ ಸಾಲು. ಪೂರ್ತಿ ಗೋಡೆ ಒಂದೇ ನೋಟಕ್ಕೆ ಬೇಕೆಂದರೆ ಮರಳಿಗೆ ಇಳಿಯಬೇಕು, ಆದರೆ ಅಲ್ಲಿನ ಗೈಡ್ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ. ಉಬ್ಬರ ಬೇಗ ಬರುತ್ತದೆ, ಹುದುಲು ಮರಳು ಕಾಲು ಹಿಡಿಯುತ್ತದೆ. ಬಾಯೆ ಊರಿನ 11ನೇ ಶತಮಾನದ ಕಸೂತಿ ಪಟ್ಟಿಯಲ್ಲೂ ಇದೇ ದೃಶ್ಯ ಇದೆ: ಹಿಂದೆ ಗುಡ್ಡದ ಮೇಲೆ ಈ ಮಠ, ಮುಂದೆ ಕೂಎನೊ ನದಿ, ಮರಳಿನಲ್ಲಿ ಹೂತ ಸೈನಿಕರು, ಒಬ್ಬನನ್ನು ಬೆನ್ನ ಮೇಲೆ ಹೊತ್ತು ಇನ್ನೊಬ್ಬನನ್ನು ಕೈಹಿಡಿದು ಎಳೆಯುತ್ತಿರುವ, ಮುಂದೆ ಇಂಗ್ಲೆಂಡಿನ ರಾಜನಾದ ಹೆರಾಲ್ಡ್.